ಜಾಹೀರಾತು ಇಲ್ಲದ ಇಂಟರ್ನೆಟ್ ಸಾಧ್ಯವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕಾರವಾರದ ಕಡೆ ಕಾಲೇಜುಗಳಲ್ಲಿ, ಸೊಸೈಟಿ ಸಭೆಗಳಲ್ಲಿ, ಮಹಿಳಾ ಸಂಘಗಳಲ್ಲಿ ಇಂಟರ್ನೆಟ್ ಬಗ್ಗೆ ಮಾತಾಡಲು ಹೋದಾಗ ಜನ ಜಾಹೀರಾತಿನ ಬಗ್ಗೆ ತುಂಬಾ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಒಂದೇ ಮಾತಲ್ಲಿ ಹೇಳಿ. ಜಾಹೀರಾತು ನಿಂತರೆ ಇಂಟರ್ನೆಟ್ ನಿಲ್ಲುತ್ತದಾ?

ಇಲ್ಲ. ಇಮೇಲ್ ಹೋಗುತ್ತದೆ. ಬ್ಯಾಂಕಿನ ಆ್ಯಪ್ ತೆರೆಯುತ್ತದೆ. ಪಹಣಿ ಸಿಗುತ್ತದೆ, ಯುಪಿಐ ನಡೆಯುತ್ತದೆ. ಈಗಿನ ರೂಪದಲ್ಲಿ ಮುಂದುವರಿಯಲಾರದವು ಜಾಹೀರಾತಿನ ಮೇಲೆ ಕಟ್ಟಿದ ಕೆಲವು ವ್ಯಾಪಾರಗಳು: ಉಚಿತ ಹುಡುಕಾಟ, ಉಚಿತ ವಿಡಿಯೊ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಅನೇಕ ಸುದ್ದಿತಾಣಗಳು. ನಾವು ದಿನಾ ಬಳಸುವುದು ಅವನ್ನೇ. ಹಾಗಾಗಿ ಅವೇ ಇಂಟರ್ನೆಟ್ ಅನ್ನಿಸಿಬಿಟ್ಟಿದೆ.

ಜಾಹೀರಾತೇ ಇರಬಾರದು ಅಂತ ನಾನು ಹೇಳುವುದಿಲ್ಲ. ನಮ್ಮನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವ ಜಾಹೀರಾತು ಹೋಗಬೇಕು. ಕನ್ನಡಕ್ಕೆ ಬೇಕಾದದ್ದನ್ನು ಜಾಹೀರಾತಿನ ದುಡ್ಡು ಕಟ್ಟಿಕೊಡುತ್ತದೆ ಅಂತ ಕಾದು ಕೂರುವುದನ್ನೂ ನಾವು ಬಿಡಬೇಕು. ಮುಂದಿನ ಉತ್ತರಗಳೆಲ್ಲ ಈ ನಿಲುವಿನಿಂದಲೇ ಬಂದವು.

ನಾನು ಪ್ರತಿ ತಿಂಗಳು ರೀಚಾರ್ಜ್ ಮಾಡ್ತೇನಲ್ಲ, ಆ ದುಡ್ಡು ಎಲ್ಲಿಗೆ ಹೋಗುತ್ತದೆ?

ಮೊಬೈಲ್ ಕಂಪನಿಗೆ. ಟವರ್, ಫೈಬರ್, ಸ್ಪೆಕ್ಟ್ರಮ್, ಕರೆಂಟು, ಡೀಸೆಲ್, ಸಿಬ್ಬಂದಿ ಎಲ್ಲ ಅದರಲ್ಲೇ ನಡೆಯಬೇಕು. ನೀವು ನೋಡುವ ತಾಣಕ್ಕೆ ಸಾಮಾನ್ಯವಾಗಿ ಅದರಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ. ಇದು ಗೊತ್ತಾದಾಗ ತುಂಬಾ ಜನರಿಗೆ ಆಶ್ಚರ್ಯ ಆಗುತ್ತದೆ.

ಕಂಪನಿಗಳು ತಮ್ಮ ಆದಾಯದ 5 ಶೇಕಡಾ ಭಾಗವನ್ನು ಸರ್ಕಾರದ ಒಂದು ನಿಧಿಗೆ ಕೊಡಬೇಕು. ಈಗ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರಿದೆ. ಹಳ್ಳಿಗಳಿಗೆ ಸಂಪರ್ಕ ಕೊಡುವುದು ಅದರ ಕೆಲಸ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಚಿವ ಸಂಪುಟ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಹಳ್ಳಿಗಳಿಗೆ ಇಂಥ ದುಡ್ಡು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ಹತ್ತು ಮನೆ ಇರುವ ಕೇರಿಯಲ್ಲಿ ಜಾಹೀರಾತಿನ ಲಾಭ ನೋಡಿ ಯಾರೂ ಟವರ್ ನಿಲ್ಲಿಸುವುದಿಲ್ಲ.

ಒಂದು ಮಾತು ಸೇರಿಸಬೇಕು. ಈಚಿನ ವರ್ಷಗಳಲ್ಲಿ ಸಮುದ್ರದ ಅಡಿಯ ಕೇಬಲ್‌ಗಳಿಗೆ ಗೂಗಲ್, ಮೆಟಾ (ಫೇಸ್‌ಬುಕ್‌ನ ಮಾತೃಸಂಸ್ಥೆ) ಕಂಪನಿಗಳೂ ದೊಡ್ಡ ಮೊತ್ತ ಹಾಕುತ್ತಿವೆ. ಆ ಮಟ್ಟಿಗೆ ಜಾಹೀರಾತಿನ ದುಡ್ಡು ತಂತಿಯವರೆಗೂ ಬಂದಿದೆ.

ಮೊದಲಿನಿಂದಲೂ ಇಂಟರ್ನೆಟ್‌ನಲ್ಲಿ ಜಾಹೀರಾತು ಇತ್ತಾ?

ಇರಲಿಲ್ಲ. ಇಂಟರ್ನೆಟ್‌ನ ಮೂಲವಾದ ಅರ್ಪಾನೆಟ್ 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಶುರುವಾಯಿತು. ಆಮೇಲೆ ಬಂದ ಎನ್‌ಎಸ್‌ಎಫ್‌ನೆಟ್ ಎಂಬ ಜಾಲ ವಿಶ್ವವಿದ್ಯಾಲಯಗಳ ಸಂಶೋಧನೆಗಾಗಿ ಇತ್ತು. ಅದರಲ್ಲಿ ವ್ಯಾಪಾರ ಮಾಡಬಾರದು ಎಂಬ ನಿಯಮವೇ ಇತ್ತು. ವೆಬ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಅದರ ಪ್ರಸ್ತಾವ ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ರಾಯಧನ ಇಲ್ಲ, ಲೈಸೆನ್ಸ್ ಫೀ ಇಲ್ಲ.

ಈಗ ನಾವು ನೋಡುವಂಥ ಬ್ಯಾನರ್ ಜಾಹೀರಾತು ಬಂದಿದ್ದು 1994ರ ಅಕ್ಟೋಬರ್ 27ರಂದು, ಹಾಟ್‌ವೈರ್ಡ್ ಎಂಬ ತಾಣದಲ್ಲಿ. ಎನ್‌ಎಸ್‌ಎಫ್‌ನೆಟ್ 1995ರಲ್ಲಿ ಮುಚ್ಚಿತು, ಜಾಲ ಖಾಸಗಿಯವರ ಕೈಗೆ ಹೋಯಿತು. ಭಾರತದ ಜನಸಾಮಾನ್ಯರಿಗೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟಿದ್ದು ಅದೇ 1995ರ ಆಗಸ್ಟ್ 15ಕ್ಕೆ. ಅಂದರೆ ನಮ್ಮ ಮನೆಗೆ ಇಂಟರ್ನೆಟ್ ಬರುವ ಹೊತ್ತಿಗೆ ಜಾಹೀರಾತು ಆಗಲೇ ಒಳಗೆ ಬಂದು ಕೂತಿತ್ತು. ಅದಕ್ಕೇ ಅದು ಹುಟ್ಟಿನಿಂದ ಬಂದದ್ದು ಅಂತ ನಮಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಗೂಗಲ್ ಶುರು ಮಾಡಿದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ತಮ್ಮ ಸಂಶೋಧನಾ ಲೇಖನದಲ್ಲೇ ಇದರ ಅಪಾಯ ಬರೆದಿದ್ದರು. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಹುಡುಕಾಟ ಯಂತ್ರ ಜಾಹೀರಾತುದಾರರ ಕಡೆಗೆ ವಾಲುತ್ತದೆ, ಬಳಸುವವರ ಅಗತ್ಯದಿಂದ ದೂರ ಹೋಗುತ್ತದೆ ಎಂಬುದು ಅವರ ಮಾತಿನ ಸಾರ. ಎರಡೇ ವರ್ಷದಲ್ಲಿ, 2000ದಲ್ಲಿ, ಗೂಗಲ್‌ನದೇ ಜಾಹೀರಾತು ಮಾರುವ ವ್ಯವಸ್ಥೆ ಆಡ್‌ವರ್ಡ್ಸ್ ಬಂತು. ಅಪಾಯ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆ ದಾರಿ ಹಿಡಿದರು.

ಬೇರೆ ದಾರಿಯನ್ನು ಯಾರೂ ಪ್ರಯತ್ನಿಸಲಿಲ್ಲವಾ?

ಪ್ರಯತ್ನಿಸಿದರು, ದೊಡ್ಡದಾಗಿಯೇ. ಫ್ರಾನ್ಸ್‌ನಲ್ಲಿ ಮಿನಿಟೆಲ್ ಅಂತ ಒಂದು ವ್ಯವಸ್ಥೆ 1982ರಿಂದ 2012ರವರೆಗೆ ನಡೆಯಿತು. ಟೆಲಿಫೋನ್ ಇಲಾಖೆ ಮನೆಮನೆಗೆ ಒಂದು ಪುಟ್ಟ ಪರದೆಯ ಯಂತ್ರವನ್ನು ಉಚಿತವಾಗಿ ಕೊಟ್ಟಿತು. ಫೋನ್ ನಂಬರ್ ಹುಡುಕುವುದು, ರೈಲಿನ ಟಿಕೆಟ್, ಹರಟೆ, ಬ್ಯಾಂಕಿನ ಲೆಕ್ಕ ಎಲ್ಲ ಅದರಲ್ಲಿತ್ತು. ಬಳಸಿದ ನಿಮಿಷಗಳ ದುಡ್ಡು ಫೋನ್ ಬಿಲ್ಲಿನಲ್ಲಿ ಬರುತ್ತಿತ್ತು. ಇಲಾಖೆ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಸೇವೆ ಕೊಟ್ಟವರಿಗೆ ದಾಟಿಸುತ್ತಿತ್ತು. ಮೂವತ್ತು ವರ್ಷ ನಡೆದದ್ದನ್ನು ಸಾಧ್ಯವಿಲ್ಲ ಅನ್ನಲು ಬರುವುದಿಲ್ಲ.

ವೆಬ್‌ನಲ್ಲೂ ಆ ಯೋಚನೆ ಇತ್ತು. ಪುಟ ಸಿಗದಿದ್ದಾಗ 404 ಅಂತ ಬರುವುದನ್ನು ನೋಡಿರುತ್ತೀರಿ. ಅದೇ ಪಟ್ಟಿಯಲ್ಲಿ 402 ಅಂತಲೂ ಒಂದಿದೆ. ಈ ಪುಟಕ್ಕೆ ಹಣ ಕೊಡಬೇಕು ಅನ್ನುವುದು ಅದರ ಅರ್ಥ. ಮುಂದೆ ಬೇಕಾಗುತ್ತದೆ ಅಂತ ಆ ನಂಬರನ್ನು ಕಾದಿರಿಸಿಟ್ಟರು. ಬಳಕೆಗೆ ಬರಲೇ ಇಲ್ಲ ಅನ್ನುವಷ್ಟು ಅಪರೂಪ.

ಯಾಕೆ ಬರಲಿಲ್ಲ?

ಆಗ ಒಂದು ರೂಪಾಯಿ, ಎರಡು ರೂಪಾಯಿ ಕೊಡುವ ದಾರಿಯೇ ಇರಲಿಲ್ಲ. ಕ್ರೆಡಿಟ್ ಕಾರ್ಡ್‌ನ ಶುಲ್ಕವೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ಪ್ರತಿ ಪುಟಕ್ಕೂ ‘ಕೊಡಲೋ ಬೇಡವೋ’ ಅಂತ ಯೋಚಿಸುವುದೂ ಜನರಿಗೆ ಬೇಸರ. ಜಾಹೀರಾತಿನಲ್ಲಿ ಈ ಎರಡೂ ತೊಂದರೆ ಇರಲಿಲ್ಲ. ತಟ್ಟನೆ ಎದ್ದು ಬರುವ ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದ ಈಥನ್ ಝುಕರ್‌ಮನ್ 2014ರಲ್ಲಿ ಇದನ್ನು ವೆಬ್‌ನ ಮೂಲ ಪಾಪ ಅಂತ ಕರೆದು, ತಮ್ಮ ಪಾಲಿಗಾಗಿ ಕ್ಷಮೆಯನ್ನೂ ಕೇಳಿದರು.

ಇವತ್ತು ನಮ್ಮ ದೇಶದ ಸ್ಥಿತಿ ಬೇರೆ. ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರ ಹತ್ತು ರೂಪಾಯಿ ಚಹಾಕ್ಕೂ ಯುಪಿಐ ಮಾಡುತ್ತೇವೆ. 2016ರಲ್ಲಿ ಶುರುವಾದ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವರ ಕಡೆಯ ಶುಲ್ಕವೂ ಇಲ್ಲ. ಅದರ ಖರ್ಚನ್ನು ಬ್ಯಾಂಕುಗಳು ಹೊರುತ್ತವೆ, ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಸಣ್ಣ ಮೊತ್ತ ಕೊಡಲಾಗದು ಎಂಬ ಹಳೆಯ ನೆಪ ಭಾರತದಲ್ಲಿ ಈಗ ನಿಲ್ಲುವುದಿಲ್ಲ. ಇನ್ನೂ ಉಳಿದಿರುವುದು ಓದಿಗೆ ದುಡ್ಡು ಕೊಡುವ ಅಭ್ಯಾಸ ಇಲ್ಲದಿರುವುದು ಮಾತ್ರ.

ಅಡಿಕೆ ಸುಲಿಯುವ ಯಂತ್ರ ಹುಡುಕಿದೆ. ಈಗ ಎಲ್ಲಿ ಹೋದರೂ ಅದೇ ಜಾಹೀರಾತು. ಇದು ಹೇಗೆ?

ಶಿರಸಿಯ ಅಡಿಕೆ ಟೆಂಡರ್ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಸೊಸೈಟಿಯ ಅಂಗಳದಲ್ಲಿ ಲಾಟ್ ಇಟ್ಟಿರುತ್ತಾರೆ. ರಾಶಿಯೋ, ಚಾಲಿಯೋ, ಬೆಟ್ಟೆಯೋ, ಬಿಳಿಗೋಟೋ. ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು ನೋಡುತ್ತಾರೆ, ರೇಟು ಬರೆದು ಹಾಕುತ್ತಾರೆ. ಜಾಸ್ತಿ ಬರೆದವರಿಗೆ ಮಾಲು.

ನೀವು ಒಂದು ಪುಟ ತೆರೆದ ಕೂಡಲೇ ಇಂಥದ್ದೇ ಟೆಂಡರ್ ನಡೆಯುತ್ತದೆ. ಅಲ್ಲಿ ಲಾಟ್ ಅಂದರೆ ನಿಮ್ಮ ಕಣ್ಣು ಆ ಪುಟದ ಮೇಲೆ ಇರುವ ಕೆಲವು ಕ್ಷಣ. ಪುಟ ತೆರೆದುಕೊಳ್ಳುವಷ್ಟರಲ್ಲಿ, ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ, ಕಂಪ್ಯೂಟರುಗಳೇ ಬೆಲೆ ಕೂಗಿ ಮುಗಿಸುತ್ತವೆ. ಕೂಗುವವರಿಗೆ ಲಾಟಿನ ವಿವರ ಬೇಕಲ್ಲ? ಹಾಗಾಗಿ ನಿಮ್ಮ ಫೋನ್ ಯಾವುದು, ಸುಮಾರು ಎಲ್ಲಿದ್ದೀರಿ, ಮೊದಲು ಏನು ನೋಡಿದಿರಿ ಎಂಬ ವಿವರ ಅವರಿಗೆಲ್ಲ ಹೋಗುತ್ತದೆ. ಕುಕಿ ಎಂಬ ಸಣ್ಣ ಗುರುತು ನಿಮ್ಮ ಬ್ರೌಸರ್‌ನಲ್ಲಿ ಕೂತು ಈ ತಾಣದ ನೀವು, ಆ ತಾಣದ ನೀವು ಒಬ್ಬರೇ ಅಂತ ಹೇಳಿಕೊಡುತ್ತದೆ. ಸುಲಿಯುವ ಯಂತ್ರ ನಿಮ್ಮ ಹಿಂದೆ ಬಂದಿದ್ದು ಹಾಗೆ.

ಎರಡು ವ್ಯತ್ಯಾಸ ಇವೆ. ನನ್ನ ತಕರಾರು ಇರುವುದೂ ಅವುಗಳ ಮೇಲೆಯೇ. ಸೊಸೈಟಿಯಲ್ಲಿ ರೇಟು ಒಪ್ಪಿಗೆ ಆಗದಿದ್ದರೆ ಬೆಳೆಗಾರ ಮಾಲು ಕೊಡದೆ ಇರಬಹುದು. ಇಲ್ಲಿ ನಿಮ್ಮನ್ನು ಯಾರೂ ಕೇಳುವುದೇ ಇಲ್ಲ, ದುಡ್ಡೂ ನಿಮಗೆ ಬರುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ಅಡಿಕೆ ಟೆಂಡರ್‌ನಲ್ಲಿ ಸೋತ ವ್ಯಾಪಾರಿ ಬರಿಗೈಯಲ್ಲಿ ಹೋಗುತ್ತಾನೆ. ಇಲ್ಲಿ ಸೋತವನ ಕೈಯಲ್ಲೂ ನಿಮ್ಮ ವಿವರ ಉಳಿಯುತ್ತದೆ. ಕಾಯಿಲೆಯ ಬಗ್ಗೆ ಓದಿದ್ದು, ಸಾಲಕ್ಕಾಗಿ ಹುಡುಕಿದ್ದು, ಮಗಳಿಗೆ ಸಂಬಂಧ ನೋಡಿದ್ದು, ಎಲ್ಲವೂ.

ಇದರಲ್ಲಿ ದುಡ್ಡು ನಿಜಕ್ಕೂ ಅಷ್ಟು ಇದೆಯಾ?

ಇದೆ. 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆದಾಯ ಸುಮಾರು 30,700 ಕೋಟಿ ಡಾಲರ್. ಅದರಲ್ಲಿ ಸುಮಾರು 23,800 ಕೋಟಿ ಜಾಹೀರಾತಿನದು. ಅದೇ ವರ್ಷ ಮೆಟಾದ ಆದಾಯ ಸುಮಾರು 13,500 ಕೋಟಿ ಡಾಲರ್, ಅದರಲ್ಲಿ ನೂರಕ್ಕೆ ತೊಂಬತ್ತೇಳು ಭಾಗಕ್ಕೂ ಹೆಚ್ಚು ಜಾಹೀರಾತಿನಿಂದ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಅಮೆರಿಕ ಮತ್ತು ಕೆನಡಾದ ಒಬ್ಬ ಬಳಕೆದಾರರಿಂದ ಸರಾಸರಿ 68 ಡಾಲರ್ ಬಂತು. ಏಷ್ಯಾ-ಪೆಸಿಫಿಕ್ ಭಾಗದಲ್ಲಿ ತಲಾ ಐದೂವರೆ ಡಾಲರ್ ಆಸುಪಾಸು. ಅದರಲ್ಲೂ ಜಪಾನ್, ಆಸ್ಟ್ರೇಲಿಯಾದಂಥ ಶ್ರೀಮಂತ ದೇಶಗಳು ಸೇರಿವೆ. ಎಲ್ಲಿ ದುಡ್ಡು ಜಾಸ್ತಿಯೋ ಅಲ್ಲಿನ ಭಾಷೆಗೆ, ಅಲ್ಲಿನ ದೂರಿಗೆ ಗಮನವೂ ಜಾಸ್ತಿ. ಕನ್ನಡದಲ್ಲಿ ಒಂದು ಕೆಟ್ಟ ಪೋಸ್ಟ್ ಬಗ್ಗೆ ದೂರು ಕೊಟ್ಟು ಕಾದವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾದರೆ ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಕೊಟ್ಟರೆ ಆಯ್ತಲ್ಲ?

ಕೇಳಲು ಸರಿ ಅನ್ನಿಸುತ್ತದೆ. ನಮ್ಮ ಜಿಲ್ಲೆಯ ಮನೆಗಳ ಲೆಕ್ಕ ಹಾಕಿದರೆ ತೊಡಕು ಕಾಣುತ್ತದೆ. ಮೇಲೆ ಹೇಳಿದ ಮೂರು ತಿಂಗಳ ಐದೂವರೆ ಡಾಲರ್ ಅಂದರೆ ತಿಂಗಳಿಗೆ ತಲಾ ನೂರೈವತ್ತು ರೂಪಾಯಿ ಹತ್ತಿರ. ಯೂಟ್ಯೂಬ್‌ನವರು ಜಾಹೀರಾತು ಇಲ್ಲದ ಚಂದಾಕ್ಕೆ 2024ರಲ್ಲಿ ಇಟ್ಟ ದರವೂ ಒಬ್ಬರಿಗೆ ತಿಂಗಳಿಗೆ 149 ರೂಪಾಯಿ. ಯುರೋಪಿನಲ್ಲಿ ಮೆಟಾ 2023ರಲ್ಲಿ ಜಾಹೀರಾತು ಇಲ್ಲದ ಫೇಸ್‌ಬುಕ್‌ಗೆ ತಿಂಗಳಿಗೆ ಸುಮಾರು 10 ಯುರೋ ಕೇಳಿತು. ಅಲ್ಲಿನ ನಿಯಂತ್ರಕರು ತಕರಾರು ಎತ್ತಿದ ಮೇಲೆ ಮರುವರ್ಷ ಇಳಿಸಿತು.

ಈಗ ನಾಲ್ಕು ಜನರ ಮನೆ ತಗೊಳ್ಳಿ. ವಿಡಿಯೊಗೆ, ಹುಡುಕಾಟಕ್ಕೆ, ಎರಡು ಪತ್ರಿಕೆಗೆ, ಹಾಡಿಗೆ ಅಂತ ಬೇರೆ ಬೇರೆ ಚಂದಾ ಕಟ್ಟಿದರೆ ರೀಚಾರ್ಜ್‌ಗಿಂತ ಅದೇ ಜಾಸ್ತಿ ಆಗುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುವವರಿಗೆ ಮೀನುಗಾರಿಕೆ ನಿಷೇಧದ ಜೂನ್, ಜುಲೈನಲ್ಲಿ ದುಡಿಮೆಯೇ ಇರುವುದಿಲ್ಲ. ಅವರ ಮಗಳಿಗೆ ಗಣಿತದ ವಿಡಿಯೊ ಆ ಎರಡು ತಿಂಗಳೂ ಬೇಕು. ಎಲ್ಲಕ್ಕೂ ಚಂದಾ ಇಡಬೇಕು ಎಂದು ಸುಲಭವಾಗಿ ಹೇಳುವವರನ್ನು ನಾನು ಒಪ್ಪುವುದಿಲ್ಲ. ದುಡ್ಡಿದ್ದವರಿಗೆ ನೆಮ್ಮದಿಯ ಇಂಟರ್ನೆಟ್, ಇಲ್ಲದವರಿಗೆ ಹಿಂಬಾಲಿಸುವ ಇಂಟರ್ನೆಟ್ ಅಂತ ಆಗಬಾರದು.

ವಾಟ್ಸಾಪ್ ಜಾಹೀರಾತು ಇಲ್ಲದೇ ನಡೆಯುತ್ತಿತ್ತಲ್ಲ?

ನಡೆಯುತ್ತಿತ್ತು. 2009ರಲ್ಲಿ ಶುರು ಮಾಡಿದವರು ಜಾಹೀರಾತು ಹಾಕುವುದಿಲ್ಲ ಅಂತ ಹಟ ಹಿಡಿದಿದ್ದರು. ವರ್ಷಕ್ಕೆ ಒಂದು ಡಾಲರ್ ಶುಲ್ಕ ಇತ್ತು, ಎಷ್ಟೋ ಜನರಿಂದ ಅದನ್ನೂ ತೆಗೆದುಕೊಳ್ಳಲಿಲ್ಲ. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿದಾಗ 45 ಕೋಟಿ ಬಳಕೆದಾರರಿದ್ದರು, ಕೆಲಸ ಮಾಡುವವರು ಐವತ್ತು ಚಿಲ್ಲರೆ ಜನ. 2016ರಲ್ಲಿ ಶುಲ್ಕ ತೆಗೆದರು. ವ್ಯಾಪಾರಿಗಳು ಕಳಿಸುವ ಸಂದೇಶಕ್ಕೆ ದುಡ್ಡು ತೆಗೆದುಕೊಳ್ಳತೊಡಗಿದರು. 2025ರ ಜೂನ್‌ನಲ್ಲಿ ಸ್ಟೇಟಸ್ ಇರುವ ಜಾಗದಲ್ಲಿ ಜಾಹೀರಾತು ತರುವುದಾಗಿ ಘೋಷಿಸಿದರು.

ಸಂದೇಶ ದಾಟಿಸುವ ಕೆಲಸಕ್ಕೆ ಅಷ್ಟೊಂದು ಖರ್ಚಿಲ್ಲ ಅನ್ನುವುದಕ್ಕೆ ಸಿಗ್ನಲ್ ಆ್ಯಪ್ ಕೂಡ ಸಾಕ್ಷಿ. ಅದನ್ನು ನಡೆಸುವುದು ಲಾಭ ಮಾಡದ ಸಂಸ್ಥೆ. 2025ರ ಹೊತ್ತಿಗೆ ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಬೇಕಾಗುತ್ತದೆ ಅಂತ ಅವರೇ 2023ರಲ್ಲಿ ಲೆಕ್ಕ ಕೊಟ್ಟರು. ನಡೆಯುವುದು ದೇಣಿಗೆಯಿಂದ.

ವಿಕಿಪೀಡಿಯ?

2001ರಿಂದ ಇವತ್ತಿನವರೆಗೆ ಒಂದೂ ಜಾಹೀರಾತಿಲ್ಲ. 2002ರಲ್ಲಿ ಜಾಹೀರಾತು ಬರಬಹುದು ಎಂಬ ಮಾತು ಎದ್ದಿದ್ದಕ್ಕೇ ಸ್ಪ್ಯಾನಿಷ್ ವಿಕಿಪೀಡಿಯದ ಅನೇಕ ಬರಹಗಾರರು ಹೊರಗೆ ಹೋಗಿ ಬೇರೆ ವಿಶ್ವಕೋಶ ಶುರು ಮಾಡಿದರು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನಕ್ಕೆ 2022-23ರಲ್ಲಿ ಬಂದ ಹಣ ಸುಮಾರು 18 ಕೋಟಿ ಡಾಲರ್, ಬಹುಪಾಲು ಓದುಗರ ಸಣ್ಣ ಸಣ್ಣ ದೇಣಿಗೆ. ಗೂಗಲ್‌ನ ಜಾಹೀರಾತಿನ ಆದಾಯ ಅದರ ಸಾವಿರ ಪಟ್ಟಿಗಿಂತ ಜಾಸ್ತಿ. ಜಗತ್ತಿನ ಅತಿ ಹೆಚ್ಚು ಓದುವ ತಾಣಗಳಲ್ಲಿ ಒಂದನ್ನು ಇಷ್ಟು ಕಡಿಮೆಯಲ್ಲಿ ನಡೆಸಬಹುದು. ಆದರೆ ಬರೆಯುವವರು ಸಂಬಳ ಕೇಳದೆ ಬರೆಯಬೇಕು. ಆ ಶ್ರಮಕ್ಕೆ ಬೆಲೆ ಕಟ್ಟಿದರೆ ಲೆಕ್ಕವೇ ಬದಲಾಗುತ್ತದೆ, ಅದನ್ನು ಮರೆಯಬಾರದು.

ಜಾಹೀರಾತು ಇಲ್ಲದಿದ್ದರೆ ಕನ್ನಡ ತಾಣಗಳು ಬದುಕುತ್ತವಾ?

ನನಗೆ ಅತಿ ಹೆಚ್ಚು ಹೇಳಬೇಕು ಅನ್ನಿಸುವ ಪ್ರಶ್ನೆ ಇದು. ಕನ್ನಡ ಇಂಟರ್ನೆಟ್‌ಗೆ ಬಂದ ಕ್ರಮ ನೋಡಿ. 1991ರಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಗುರುತು ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಸೇರಿತು. 1998ರಲ್ಲಿ ಬರಹ ತಂತ್ರಾಂಶ ಬಂತು, ಉಚಿತವಾಗಿ. ಊರೂರಿನ ಡಿಟಿಪಿ ಅಂಗಡಿಯಿಂದ ಹಿಡಿದು ಅಮೆರಿಕದಲ್ಲಿ ಕೂತ ಕನ್ನಡಿಗರ ತನಕ ಜನ ಅದರಲ್ಲೇ ಟೈಪ್ ಮಾಡಿದರು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಕನ್ನಡಿಗರು ಸೇರಿ ಬರೆಯುವ ಸಂಪದ ತಾಣ. ಗೂಗಲ್‌ನ ಆಡ್‌ಸೆನ್ಸ್ (ಬೇರೆಯವರ ತಾಣದಲ್ಲಿ ಜಾಹೀರಾತು ಹಾಕಿ ಅವರಿಗೆ ಪಾಲು ಕೊಡುವ ಸೇವೆ) ಹಿಂದಿಗೆ ಬಂದಿದ್ದೇ 2014ರ ಕೊನೆಗೆ. ಕನ್ನಡಕ್ಕೆ ಬರಲು ಆಮೇಲೂ ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ನಮ್ಮವರು ಬ್ಲಾಗು ಬರೆದಿದ್ದರು, ಕಥೆ ಹಾಕಿದ್ದರು, ಜಗಳ ಆಡಿದ್ದರು, ಪದಕೋಶ ಕೂಡಿಸಿದ್ದರು. ಜಾಹೀರಾತಿನ ಒಂದು ರೂಪಾಯಿಯೂ ಇಲ್ಲದೆ!

2019ರಲ್ಲಿ ಬಂದ ಅಲರ್ ನಿಘಂಟನ್ನೇ ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ಪದಸಂಗ್ರಹ ಅದು. ಒಂದೂವರೆ ಲಕ್ಷದಷ್ಟು ಪದಗಳಿವೆ. ಯಾರು ಬೇಕಾದರೂ ಬಳಸಬಹುದು, ಜಾಹೀರಾತಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯೂ ಹಾಗೆಯೇ, ಅದು ಸರ್ಕಾರದ ದುಡ್ಡು. ಒಳ್ಳೆಯ ಕನ್ನಡ ನಿಘಂಟಿಗೆ ಜಾಹೀರಾತಿನಿಂದ ಯಾವತ್ತೂ ಸಾಕಷ್ಟು ದುಡ್ಡು ಹುಟ್ಟುವುದಿಲ್ಲ. ಕನ್ನಡ ಓದುಗರ ಒಂದು ಕ್ಲಿಕ್‌ಗೆ ಸಿಗುವುದು ಇಂಗ್ಲಿಷ್ ಓದುಗರದಕ್ಕಿಂತ ಕಡಿಮೆ.

ಜಾಹೀರಾತು ಕನ್ನಡಕ್ಕೆ ಏನೂ ಕೊಟ್ಟಿಲ್ಲ ಅಂತ ಹೇಳಿದರೆ ಅದೂ ಅನ್ಯಾಯ. ಅಡುಗೆ, ತೋಟಗಾರಿಕೆ, ಪಾಠದ ಯೂಟ್ಯೂಬ್ ಚಾನೆಲ್‌ಗಳಿಂದ ಕೆಲವು ಮನೆಗಳು ನಡೆಯುತ್ತಿವೆ. ಒಂದು ಹಳ್ಳಿಮನೆಯ ಹೆಣ್ಣುಮಗಳು ತನ್ನ ಕೈರುಚಿಯಿಂದ ಸ್ವಂತ ದುಡ್ಡು ನೋಡುವುದು ಸಣ್ಣ ವಿಷಯವಲ್ಲ. ಆದರೆ ಎಣಿಕೆ ಕ್ಲಿಕ್‌ನದಾದಾಗ ಬರವಣಿಗೆಯೂ ಕ್ಲಿಕ್‌ನ ಕಡೆಗೇ ತಿರುಗುತ್ತದೆ. ನಮ್ಮ ಸುದ್ದಿತಾಣಗಳ ‘ಅಬ್ಬಾ, ಆಮೇಲೆ ಆಗಿದ್ದೇನು?’ ಶೀರ್ಷಿಕೆಗಳು ಎಲ್ಲಿಂದ ಬಂದವು ಅಂತ ಬೇರೆ ಹೇಳಬೇಕಾ?

ಯಕ್ಷಗಾನ, ತಾಳಮದ್ದಲೆಯ ಲೈವ್ ಎಲ್ಲ ಉಚಿತವಾಗಿ ಸಿಗುತ್ತದಲ್ಲ?

ನೋಡುವವರಿಗೆ ಉಚಿತ. ಎಷ್ಟೋ ಕಡೆ ಆಟ ಆಡಿಸುವ ಮನೆಯವರು ಅಥವಾ ಸಂಘದವರು ಕ್ಯಾಮೆರಾದವರಿಗೆ ದುಡ್ಡು ಕೊಟ್ಟೇ ಲೈವ್ ಮಾಡಿಸುತ್ತಾರೆ. ಅಂದರೆ ಖರ್ಚು ಆಗಲೇ ತೀರಿರುತ್ತದೆ. ಆದರೂ ಭಾಗವತರು ಪದ್ಯ ಏರಿಸುವ ಹೊತ್ತಿಗೆ ಸಾಲದ ಆ್ಯಪ್‌ನ ಜಾಹೀರಾತು ನುಗ್ಗುತ್ತದೆ. ಸಂಘದವರೇ ಇಂಥ ಅಂಗಡಿಯವರ ಸಹಾಯದಿಂದ ಅಂತ ಶುರುವಿನಲ್ಲೊಮ್ಮೆ ಹೆಸರು ಹೇಳಿದರೆ ನನಗೆ ಏನೂ ಬೇಸರವಿಲ್ಲ. ಅದೂ ಜಾಹೀರಾತೇ. ಆದರೆ ಅದು ನೋಡುವವರ ಲೆಕ್ಕ ಇಡುವುದಿಲ್ಲ, ಪದ್ಯ ಮುರಿಯುವುದಿಲ್ಲ.

ನಾವು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಜಾಹೀರಾತು ಇಲ್ಲದಿದ್ದರೆ ಬೆಂಗಳೂರಿನವರಿಗೆ ಗೊತ್ತಾಗುವುದು ಹೇಗೆ?

ನಿಮ್ಮ ಮಾತು ನೂರಕ್ಕೆ ನೂರು ಸರಿ. ಶಿರಸಿಯ ಉಪ್ಪಿನಕಾಯಿ, ಕುಮಟಾದ ಕೋಕಂ, ಅಂಕೋಲಾದ ಇಶಾಡು ಮಾವು, ಗೋಕರ್ಣದ ಸಣ್ಣ ಹೋಂಸ್ಟೇ, ಇವರಿಗೆಲ್ಲ ದೊಡ್ಡ ಪತ್ರಿಕೆಯ ಜಾಹೀರಾತು ಕೈಗೆ ಎಟುಕುವುದಿಲ್ಲ. ಐನೂರು ರೂಪಾಯಿಯಲ್ಲಿ ಜಾಹೀರಾತು ಕೊಡುವ ಅವಕಾಶ ಇಂಟರ್ನೆಟ್ ತಂದಿದ್ದು ದೊಡ್ಡ ಉಪಕಾರ.

ಅದಕ್ಕೆ ಹಿಂಬಾಲಿಸುವ ಅಗತ್ಯ ಇದೆಯಾ ಅಂತ ಮಾತ್ರ ಯೋಚಿಸಿ. ಒಬ್ಬರು ‘ಅಪ್ಪೆಮಿಡಿ ಉಪ್ಪಿನಕಾಯಿ’ ಅಂತ ಹುಡುಕಿದಾಗ ನಿಮ್ಮ ಜಾಹೀರಾತು ಕಂಡರೆ ಸಾಕು. ಅವರು ಹೋದ ವಾರ ಯಾವ ಡಾಕ್ಟರ್ ಬಗ್ಗೆ ಓದಿದರು ಅನ್ನುವುದು ನಿಮಗೆ ಯಾಕೆ? ಮಲೆನಾಡಿನ ಅಡುಗೆಯ ಲೇಖನದ ಪಕ್ಕ ಉಪ್ಪಿನಕಾಯಿ, ಗೋಕರ್ಣದ ಪ್ರವಾಸದ ಲೇಖನದ ಪಕ್ಕ ಹೋಂಸ್ಟೇ. ಪುಟದ ವಿಷಯ ನೋಡಿ ಹಾಕುವ ಜಾಹೀರಾತು ಇದು. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರಲ್ಲಿ ತನ್ನ ತಾಣಗಳಿಂದ ಹಿಂಬಾಲಿಸುವ ಕುಕಿಗಳನ್ನು ತೆಗೆದು ಈ ಪದ್ಧತಿಗೆ ಬಂತು. ಆದಾಯ ಕುಸಿಯಲಿಲ್ಲ. ಆ ವರ್ಷದ ಮೊದಲ ಎರಡು ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು, ಯಾಕೆಂದರೆ ನಡುವಿನವರಿಗೆ ಹೋಗುತ್ತಿದ್ದ ಪಾಲು ಉಳಿಯಿತು.

ಜಾಹೀರಾತಿಲ್ಲದ ಒಳ್ಳೆಯ ಸೇವೆ ನಮ್ಮ ಕಡೆ ಯಾವುದಾದರೂ ಇದೆಯಾ?

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಬಿಸಿ, ನೀರಿನ ಹಸಿರು ಅಂಶ ನೋಡಿ ಮೀನು ಎಲ್ಲಿ ಸೇರಬಹುದು ಎಂದು ಮೀನುಗಾರರಿಗೆ ತಿಳಿಸುತ್ತದೆ. ಅಲೆಯ ಎತ್ತರದ ಮುನ್ಸೂಚನೆಯನ್ನೂ ಕೊಡುತ್ತದೆ. ಜೀವ ಉಳಿಸುವ ಮಾಹಿತಿ ಅದು. ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯೂ ಹಾಗೆಯೇ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದ ಪಹಣಿ ಕೂಡ. ಬಹುಪಾಲು ತೆರಿಗೆಯ ದುಡ್ಡು. ಸರ್ಕಾರಿ ತಾಣಗಳು ಆಗಾಗ ನಿಧಾನ ಆಗುತ್ತವೆ, ಅದು ಸರಿಯಾಗಬೇಕು. ಅಲೆಯ ಎಚ್ಚರಿಕೆಯ ಮುಂದೆ ಐದು ಸೆಕೆಂಡಿನ ಜಾಹೀರಾತು ಇದ್ದರೆ ಹೇಗಿರುತ್ತಿತ್ತು ಅಂತ ಒಮ್ಮೆ ಯೋಚಿಸಿ.

ದುಡ್ಡು ಕೊಟ್ಟು ಬಳಸುವ ಹುಡುಕಾಟ ಯಂತ್ರ ಯಾಕೆ ಗೆಲ್ಲಲಿಲ್ಲ?

ಗೂಗಲ್‌ನ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಧರ್ ರಾಮಸ್ವಾಮಿ ಅವರೇ 2019ರಲ್ಲಿ ನೀವಾ ಎಂಬ ಜಾಹೀರಾತಿಲ್ಲದ ಹುಡುಕಾಟ ಶುರು ಮಾಡಿದರು. 2023ರಲ್ಲಿ ಮುಚ್ಚಿದರು. ಜನರಿಂದ ದುಡ್ಡು ಕೊಡಿಸುವುದಕ್ಕಿಂತ, ಹೊಸದನ್ನು ಒಮ್ಮೆ ಬಳಸಿ ನೋಡುವಂತೆ ಮಾಡುವುದೇ ಹೆಚ್ಚು ಕಷ್ಟವಾಯಿತು ಅಂತ ಅವರು ಹೇಳಿದರು. ಫೋನ್ ಕೊಳ್ಳುವಾಗಲೇ ಅದರೊಳಗೆ ಒಂದು ಹುಡುಕಾಟ ಕೂತಿರುತ್ತದೆ. ಆ ಜಾಗಕ್ಕಾಗಿ ಗೂಗಲ್ 2022ರಲ್ಲಿ ಆ್ಯಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರ್ ಅಂತ ಅಮೆರಿಕದ ಕೋರ್ಟಿನಲ್ಲಿ ಹೊರಬಿತ್ತು. ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅದೇ ಕೋರ್ಟ್ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಕಾಗಿ ಎಂಬ ಇನ್ನೊಂದು ಸೇವೆ ಚಂದಾದ ಮೇಲೆಯೇ ನಡೆಯುತ್ತಿದೆ, ಸಣ್ಣದಾಗಿ.

ಜಾಹೀರಾತು ತಡೆಯುವ ಆಡ್ ಬ್ಲಾಕರ್ ಹಾಕಿಕೊಂಡರೆ ತಪ್ಪಾ?

ತಪ್ಪಿಲ್ಲ. ಪುಟ ಬೇಗ ತೆರೆಯುತ್ತದೆ, ಡೇಟಾ ಉಳಿಯುತ್ತದೆ, ಮೋಸದ ಲಿಂಕ್ ಒತ್ತುವ ಅಪಾಯ ಕಡಿಮೆ. ಸಿಗ್ನಲ್ ಕಡ್ಡಿ ಒಂದೇ ಇರುವ ಊರಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ನೀವು ದಿನಾ ಓದುವ ಸಣ್ಣ ಕನ್ನಡ ತಾಣವಿದ್ದರೆ ಅದಕ್ಕೆ ಮಾತ್ರ ಬಿಡಿ, ಅಥವಾ ಅವರಿಗೆ ನೇರವಾಗಿ ಹಣ ಕಳಿಸಿ.

ಮಕ್ಕಳ ಫೋನ್‌ಗೆ ಏನಾದರೂ ರಕ್ಷಣೆ ಇದೆಯಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಓಡಾಟವನ್ನು ಗಮನಿಸುವುದನ್ನೂ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ, ಆದರೆ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಮಕ್ಕಳು ಅಪ್ಪನ ಫೋನಿನಲ್ಲಿ, ಅಪ್ಪನ ಹೆಸರಿನಲ್ಲೇ ವಿಡಿಯೊ ನೋಡಿದರೆ ಈ ರಕ್ಷಣೆ ಅವರಿಗೆ ಮುಟ್ಟುವುದು ಕಷ್ಟ. ನಮ್ಮ ಮನೆಗಳಲ್ಲಿ ನಡೆಯುವುದು ಅದೇ ಅಲ್ವಾ?

ನಮ್ಮ ಕಡೆ ಸಹಕಾರಿ ಸಂಘಗಳು ಇಷ್ಟೊಂದಿವೆ. ಇಂಟರ್ನೆಟ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲವಾ?

ಬರುತ್ತದೆ, ಮಾಡಲೇಬೇಕು. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ ಶುರುವಾಯಿತು. ಬೆಳೆಗಾರರು ತಮ್ಮದೇ ಪಾಲು ಹಾಕಿ ಮಾರಾಟದ ವ್ಯವಸ್ಥೆ ಕಟ್ಟಿಕೊಂಡ ಜಿಲ್ಲೆ ನಮ್ಮದು. ಯೂಟ್ಯೂಬ್‌ನಂಥದ್ದನ್ನು ಸಂಘ ಕಟ್ಟಿ ನಡೆಸಲಾಗದು, ಅಷ್ಟು ವಿಡಿಯೊ ಇಡುವ ಖರ್ಚು ದೊಡ್ಡದು. ಆದರೆ ಊರಿನ ಸುದ್ದಿ, ಅಡಿಕೆ ಧಾರಣೆ, ಮಳೆ ಲೆಕ್ಕ, ಯಕ್ಷಗಾನದ ಪ್ರಸಂಗ ಪಠ್ಯ, ಸ್ಥಳೀಯ ಇತಿಹಾಸ, ಇವಕ್ಕೆಲ್ಲ ಬೇಕಾಗಿರುವುದು ಅಕ್ಷರ ಮತ್ತು ಕೆಲವು ಚಿತ್ರ.

ಒಂದು ಉದಾಹರಣೆಗೆ ಹಿಡಿಯೋಣ. ತಾಣದ ವಿಳಾಸವಾದ ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ, ತಾಣವನ್ನು ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗ್‌ಗೆ ಐದು ಸಾವಿರ. ಮುನ್ನೂರು ಸದಸ್ಯರು ವರ್ಷಕ್ಕೆ ಇಪ್ಪತ್ತು ರೂಪಾಯಿ ಕೊಟ್ಟರೆ ಅಷ್ಟು ಆಯಿತು. ಇನ್ನೂರು ರೂಪಾಯಿ ಕೊಟ್ಟರೆ ಅರವತ್ತು ಸಾವಿರ. ಆಗ ಊರಿನ ಒಬ್ಬ ಹುಡುಗಿಗೋ ಹುಡುಗನಿಗೋ ತಿಂಗಳಿಗೆ ನಾಲ್ಕೂವರೆ ಸಾವಿರ ಕೊಟ್ಟು ದಿನಕ್ಕೊಂದು ತಾಸು ಬರೆಸಬಹುದು, ತಿದ್ದಿಸಬಹುದು. ಕೊಡಲಾಗದವರಿಗೂ ಓದಲು ಬಾಗಿಲು ತೆರೆದಿರಬೇಕು, ಅದು ನನ್ನ ಒಂದೇ ಷರತ್ತು. ಬೆಂಗಳೂರು, ಪುಣೆ, ಮುಂಬಯಿಯಲ್ಲಿರುವ ನಮ್ಮೂರಿನವರು ಇದಕ್ಕೆ ಮುಂದೆ ಬರುತ್ತಾರೆ ಎಂಬ ನಂಬಿಕೆ ನನಗಿದೆ. ಊರಿನ ಸುದ್ದಿಗೆ ಅವರಷ್ಟು ಹಸಿದವರು ಬೇರೆ ಇಲ್ಲ.

ಹಾಗೆ ಶುರು ಮಾಡಿದರೆ ಡೊಮೇನ್ ಯಾರ ಹೆಸರಲ್ಲಿ ತಗೋಬೇಕು?

ಸಂಘದ ಹೆಸರಲ್ಲಿ. ಇಮೇಲ್ ಕೂಡ ಸಂಘದ್ದೇ ಇರಲಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಉತ್ಸಾಹದ ಒಬ್ಬ ಹುಡುಗ ತನ್ನ ಸ್ವಂತ ಇಮೇಲ್‌ನಲ್ಲಿ ತೆಗೆದುಕೊಂಡು, ಆಮೇಲೆ ಕೆಲಸಕ್ಕೆ ಬೆಂಗಳೂರಿಗೆ ಹೋದರೆ, ನವೀಕರಣದ ನೆನಪೋಲೆ ಅವನ ಹಳೆಯ ಇಮೇಲ್‌ಗೇ ಹೋಗುತ್ತದೆ. ಅವಧಿ ಮುಗಿದ ಹೆಸರನ್ನು ಬೇರೆಯವರು ಕೊಂಡು ಜೂಜಿನ ಜಾಹೀರಾತು ಹಾಕುವುದುಂಟು. ಸಾಧ್ಯವಾದರೆ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಅವಧಿ ಮುಗಿಯುವ ತಾರೀಖನ್ನು ಸಂಘದ ವಾರ್ಷಿಕ ವರದಿಯಲ್ಲಿ ಪ್ರತಿ ವರ್ಷ ಅಚ್ಚು ಹಾಕಿಸಿ.